ಮಂಜರಾಬಾದಿನ ಮಾಯಾವಿಗಳು

ಆನ್‌ಲೈನ್ ಪಾತ್ರದಾಟವೆಂದರೆ ಒಬ್ಬರ ಮುಖ ಒಬ್ಬರು ಕಾಣದ ಹತ್ತಾರು ಮಂದಿ ಸೇರಿ, ತಲಾ ಒಂದು ಪಾತ್ರ ಹಿಡಿದು, ಸರದಿಯಂತೆ ಟೈಪ್ ಮಾಡುತ್ತ ಕಥೆ ಬೆಳೆಸುವುದು. ರಾಜಕುಮಾರನೊಬ್ಬ ಕತ್ತಿ ಹಿರಿದೆತ್ತಿದನೆಂದು ಬರೆದು ಸುಮ್ಮನಾಗುತ್ತಾನೆ. ಆ ಕತ್ತಿಗೆ ಮುಂದೇನಾಯಿತೆಂದು ಎದುರಿನ ಮಾಂತ್ರಿಕ ಬರೆಯುವವರೆಗೆ ಅವನು ಕೈ ಎತ್ತಿಕೊಂಡೇ ನಿಂತಿರಬೇಕು. ಅಷ್ಟರಲ್ಲಿ ಮಾಂತ್ರಿಕನಿಗೆ ಪರೀಕ್ಷೆ, ನೌಕರಿ, ಮದುವೆ, ಮಗುವಿನ ನಾಮಕರಣ ಒಂದರ ಹಿಂದೊಂದು ಬಂದರೆ ರಾಜಕುಮಾರನ ಕೈ ವರ್ಷಗಟ್ಟಲೆ ಇಳಿಯುವುದಿಲ್ಲ. ಹೀಗೆ ನಡುವೆ ಕೈಬಿಟ್ಟು ಹೋದವರು ಎಂದೋ ಒಂದು ದಿನ ಹಳೆಯ ಹೆಸರು ಹಿಡಿದು ಮತ್ತೆ ಒಳಗೆ ಬರುವುದುಂಟು. ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳಲ್ಲಿ ಇದು ಹೆಚ್ಚಾಗಿ ಮಳೆಗಾಲದಲ್ಲೇ ನಡೆಯುತ್ತದೆ. ಬಂದವರು ಒಂಟಿಯಾಗಿ ಬರುವುದಿಲ್ಲ, ಬಾಲ್ಯದ ಒಂದು ಕಾರ್ಟೂನನ್ನೂ ಜೊತೆಗೆ ಕರೆತರುತ್ತಾರೆ.

ಕಾಲವನ್ನು ನಿರ್ಣಯಿಸುವುದು ಕಾಫಿ. ನವೆಂಬರಿನಲ್ಲಿ ಅರೇಬಿಕಾ ಕುಯ್ಲು ಶುರುವಾಗುತ್ತದೆ, ಅದು ಮುಗಿಯುತ್ತ ಬಂದಂತೆ ಜನವರಿಯಿಂದ ರೋಬಸ್ಟಾ. ಕಣದಲ್ಲಿ ಕಾಫಿ ಹರಡಿರುವಾಗ, ಅಕಾಲದ ಮೋಡ ಕಂಡರೆ ಟಾರ್ಪಾಲು ಹುಡುಕುತ್ತ ಓಡಬೇಕಾದ ಮನೆಯಲ್ಲಿ, ಯಾರೂ ಮಾಂತ್ರಿಕರಾಗಲು ಹೋಗುವುದಿಲ್ಲ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆಯ ಚಿಂತೆ. ಮಳೆ ಬಾರದಿದ್ದರೆ ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾಕುವ ಗಡಿಬಿಡಿ. ಆಮೇಲೆ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ, ಗೊಬ್ಬರ, ಬೋರ್ಡೋ ದ್ರಾವಣ. ಜೂನಿನಲ್ಲಿ ಮುಂಗಾರು ಗಟ್ಟಿಯಾಗಿ ಹಿಡಿದುಕೊಂಡಿತೆಂದರೆ ಹಾನುಬಾಳು, ಹೆತ್ತೂರು, ದೇವಾಲದಕೆರೆಯ ಕಡೆ ಹೊರಗಿನ ಕೆಲಸ ನಿಂತಂತೆಯೇ. ಮನೆಯೊಳಗೆ ಕೂತವರು ಮೊದಲ ವಾರ ಹಲಸಿನ ಹಪ್ಪಳ ತಿನ್ನುತ್ತಾರೆ, ಎರಡನೆಯ ವಾರ ಜಗಳವಾಡುತ್ತಾರೆ, ಮೂರನೆಯ ವಾರಕ್ಕೆ ಹಳೆಯ ಪಾಸ್‌ವರ್ಡ್ ನೆನಪಿಗೆ ಬರುತ್ತದೆ.

ಆಲೂರಿನ ಲೆಕ್ಕ ಬೇರೆ. ಅದು ಅರೆಮಲೆನಾಡು. ಮಳೆ ಕಡಿಮೆ, ಜುಲೈ ಆಗಸ್ಟಿನಲ್ಲಿ ಗದ್ದೆಗೆ ನಾಟಿಯ ಕೆಲಸ. ಪಾಳ್ಯದ ಅಥವಾ ಕುಂದೂರಿನ ಪಾತ್ರಧಾರಿ ಹಗಲೆಲ್ಲ ಕೆಸರಿನಲ್ಲಿದ್ದು ರಾತ್ರಿ ಊಟವಾದ ಮೇಲಷ್ಟೇ ರಾಜಕುಮಾರನಾಗಬಲ್ಲ. ಹಾನುಬಾಳಿನವನು ಹಗಲೂ ರಾತ್ರಿಯೂ ರಾಜಕುಮಾರ. ಆದರೆ ಆಲೂರಿನವನಿಗೆ ಕರೆಂಟಿರುತ್ತದೆ, ಸಿಗ್ನಲ್ಲಿರುತ್ತದೆ. ಹಾನುಬಾಳಿನವನು ಇಡೀ ದಿನ ಯೋಚಿಸಿ ಬರೆದ ಯುದ್ಧವನ್ನು ಕಳಿಸಲು ಛತ್ರಿ ಹಿಡಿದು ಗುಡ್ಡದ ನೆತ್ತಿಗೆ ಹೋಗಬೇಕು. ಆ ಹೊತ್ತಿಗೆ ಆಲೂರಿನವನು ಎರಡೇ ಸಾಲಿನಲ್ಲಿ ಸಂಧಾನ ಮಾಡಿಸಿ ಮಲಗಿರುತ್ತಾನೆ.

ಆಟದ ಇತಿಹಾಸ ದೊಡ್ಡದೇನಲ್ಲ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ಅದು ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಬಾಯಲ್ಲಿ ಆಡುವಂಥದ್ದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಇಂಥ ಲೋಕವೊಂದನ್ನು ಕಂಪ್ಯೂಟರಿಗೆ ಇಳಿಸಿದ, ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದ. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ಈ ಗುಡ್ಡಗಳ ಹುಡುಗರಿಗೆ ಅದರ ಗಾಳಿ ತಗಲಿದ್ದು ಬಹಳ ತಡವಾಗಿ, ಆರ್ಕುಟ್ ಮೂಲಕ. 2004ರಲ್ಲಿ ಹುಟ್ಟಿದ ಆರ್ಕುಟ್, ಹುಟ್ಟಿದ ಅಮೆರಿಕವನ್ನು ಬಿಟ್ಟು ಬ್ರೆಜಿಲ್ ಮತ್ತು ಭಾರತದಲ್ಲಿ ಬೇರು ಬಿಟ್ಟಿತು. ಹಾಸನ, ಮಂಗಳೂರು, ಬೆಂಗಳೂರಿನ ಹಾಸ್ಟೆಲುಗಳಿಗೆ ಓದಲು ಹೋದ ಪ್ಲಾಂಟರ ಮಕ್ಕಳೂ ಮೇಸ್ತ್ರಿಗಳ ಮಕ್ಕಳೂ ಅಲ್ಲಿನ ಸೈಬರ್ ಕೆಫೆಗಳಲ್ಲಿ ಒಂದೇ ಬೆಂಚಿನಲ್ಲಿ ಕೂತು ಹ್ಯಾರಿ ಪಾಟರನ ಶಾಲೆಗೆ ಸೇರಿಕೊಂಡರು. ಊರಿನಲ್ಲಿ ಒಂದೇ ಬೆಂಚು ಸಿಗುವುದು ಅಷ್ಟು ಸುಲಭವಿರಲಿಲ್ಲ ಎಂಬುದನ್ನೂ ಹೇಳಬೇಕು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. ಎಷ್ಟೋ ಯುದ್ಧಗಳು ಸೋಲು ಗೆಲುವು ಕಾಣದೆ ಅಂದೇ ಮುಗಿದವು. ಉಳಿದವರು ಫೇಸ್‌ಬುಕ್ಕಿಗೆ, ಟೆಲಿಗ್ರಾಮಿಗೆ, 2015ರ ನಂತರ ಡಿಸ್ಕಾರ್ಡಿಗೆ ಗಂಟುಮೂಟೆ ಕಟ್ಟಿದರು.

ಇದೆಲ್ಲ ಪರದೇಶದಿಂದ ಬಂದ ಹುಚ್ಚೆಂದು ಬೈಯುವ ಹಿರಿಯರು ತಾಳಮದ್ದಳೆಯನ್ನು ಮರೆತಿರುತ್ತಾರೆ. ಘಟ್ಟದ ಕೆಳಗಿನಿಂದ ಹೋಟೆಲು, ತೋಟ, ವ್ಯಾಪಾರವೆಂದು ಹತ್ತಿ ಬಂದವರ ಜೊತೆ ಅದೂ ಮೇಲೆ ಬಂದಿದೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ಭಾಗದ ಪತ್ತನಾಜೆಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಕಟ್ಟುವುದು ದೀಪಾವಳಿಯ ಆಸುಪಾಸಿಗೆ. ಆ ನಡುವಿನ ಮಳೆಗಾಲದ್ದೇ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದ ಗೃಹಸ್ಥರು ಎದುರುಬದುರು ಕೂರುತ್ತಾರೆ. ಭಾಗವತರು ಪದ ಹಾಡುತ್ತಾರೆ. ಪದ ಮುಗಿದದ್ದೇ ತಡ, ಬ್ಯಾಂಕಿನ ಗುಮಾಸ್ತರು ಕರ್ಣನಾಗುತ್ತಾರೆ, ಶಾಲೆಯ ಮೇಷ್ಟ್ರು ಕೃಷ್ಣನಾಗುತ್ತಾರೆ. ಮಾತು ಯಾರೂ ಬರೆದುಕೊಟ್ಟದ್ದಲ್ಲ, ಆ ಗಳಿಗೆಗೆ ಹುಟ್ಟಿದ್ದು. ಎದುರಿನವರು ಏನೆನ್ನುತ್ತಾರೆಂದು ಗೊತ್ತಿಲ್ಲದೆ, ಅವರು ಅಂದದ್ದಕ್ಕೆ ಪಾತ್ರ ಬಿಡದೆ ಉತ್ತರ ಕೊಡಬೇಕು. ಎಸೆಕ್ಸಿನ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಕಟ್ಟಿದ್ದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ನಡುವೆ ಕಾಫಿ ಕೊಡುತ್ತಾರೆ.

ನಿಯಮಗಳೂ ಹೆಚ್ಚುಕಡಿಮೆ ಅವೇ. ಆನ್‌ಲೈನಿನಲ್ಲಿ ಹೊಸಬ ಒಳಗೆ ಬರುವ ಮುನ್ನ ತನ್ನ ಪಾತ್ರದ ವಂಶ, ಸ್ವಭಾವ, ಶಕ್ತಿ, ದೌರ್ಬಲ್ಯಗಳನ್ನು ಬರೆದಿಡಬೇಕು. ತಾಳಮದ್ದಳೆಯಲ್ಲಿ ಅದಕ್ಕೆ ಪೀಠಿಕೆಯಿದೆ. ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವನು, ತಾನು ಯಾರು, ಯಾವ ಕುಲ, ಯಾಕೆ ಇಲ್ಲಿ ಬಂದೆ ಎಂಬುದನ್ನು ಹೇಳಿಕೊಂಡೇ ಮುಂದಿನ ಮಾತಿಗೆ ಹೋಗುತ್ತಾನೆ. ಕೆಲವರ ಪೀಠಿಕೆ ಮುಗಿಯುವ ಹೊತ್ತಿಗೆ ಸಭೆಯಲ್ಲಿ ಅರ್ಧ ಜನ ನಿದ್ದೆ ಹೋಗಿ ಒಂದು ಸುತ್ತು ಎದ್ದಿರುತ್ತಾರೆ. ಆನ್‌ಲೈನಿನ ಹೊಸಬರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಮಾತು ಉದ್ದವಾಯಿತೆಂದು ಕಂಡರೆ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ, ಚಕ್ರತಾಳ ಮೊಳಗುತ್ತದೆ, ಮಾತು ತನ್ನಿಂತಾನೇ ನಿಲ್ಲುತ್ತದೆ. ಆನ್‌ಲೈನಿನ ಮಾಡರೇಟರ್ ಬಳಿ ಇಷ್ಟು ಸೊಗಸಾದ ಉಪಾಯವಿಲ್ಲ. ಅವನು ಎಚ್ಚರಿಕೆಯ ಸಂದೇಶ ಬರೆದು ಮೂರು ದಿನ ಮನಸ್ತಾಪ ಕಟ್ಟಿಕೊಳ್ಳಬೇಕು.

ಎರಡೂ ಕಡೆ ಮಹಾಪರಾಧವೆಂದರೆ ತನ್ನ ಪಾತ್ರ ಸೋಲದಂತೆ ಬರೆದುಕೊಳ್ಳುವುದು. ಬಾಣ ಬಂದರೆ ಕವಚವಿತ್ತು, ಕವಚ ಒಡೆದರೆ ವರವಿತ್ತು, ವರ ತೀರಿದರೆ ಅವಳಿ ತಮ್ಮನಿದ್ದ. ಆನ್‌ಲೈನಿನವರು ಇದನ್ನು ಗಾಡ್‌ಮಾಡಿಂಗ್ ಎಂದು ಕರೆದು ಹೊರಗೆ ಹಾಕುತ್ತಾರೆ. ತಾಳಮದ್ದಳೆ ಈ ಸಮಸ್ಯೆಗೆ ಹೆಚ್ಚು ಉದಾರವಾದ ಪರಿಹಾರ ಕಂಡುಕೊಂಡಿದೆ. ಪ್ರಸಂಗದಲ್ಲಿ ವಾಲಿ ಸಾಯಲೇಬೇಕು, ಅದನ್ನು ಯಾರೂ ತಪ್ಪಿಸುವಂತಿಲ್ಲ. ಆದರೆ ಸಾಯುವ ಮುನ್ನ ಮರದ ಮರೆಯಿಂದ ಹೊಡೆದ ರಾಮನನ್ನು ಅವನು ಎಷ್ಟು ಬೇಕಾದರೂ ಪ್ರಶ್ನಿಸಬಹುದು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ ಈ ಕಾರಣಕ್ಕೇ ಹೆಸರಾದದ್ದು. ಎದುರು ಕೂತ ರಾಮನಿಗೆ ಬಾಣಕ್ಕಿಂತ ಉತ್ತರದ ಚಿಂತೆ ಹೆಚ್ಚು. ಕಥೆಯಲ್ಲಿ ಸೋತು ಮಾತಿನಲ್ಲಿ ಗೆಲ್ಲುವ ಈ ಸೌಕರ್ಯ ಡಿಸ್ಕಾರ್ಡಿನ ಮಾಂತ್ರಿಕರಿಗೆ ಇನ್ನೂ ಹೊಳೆದಿಲ್ಲ. ಅವರು ಮೊದಲು ಸಾಯಲು ಒಪ್ಪುವುದಿಲ್ಲ, ಆಮೇಲೆ ಗುಂಪು ಬಿಟ್ಟು ಹೋಗುತ್ತಾರೆ.

ಎರಡು ಆಟಗಳೂ ಒಂದೇ ತೆರೆಯ ಮೇಲೆ ಕೂಡಿದ್ದು 2020ರಲ್ಲಿ. ಮಾರ್ಚಿನ ಲಾಕ್‌ಡೌನಿಗೆ ಮೇಳಗಳ ತಿರುಗಾಟ ಅರ್ಧಕ್ಕೇ ನಿಂತಿತು. ಆ ಮಳೆಗಾಲ ತಾಳಮದ್ದಳೆ ಮೊಬೈಲಿನೊಳಗೆ ಹೊಕ್ಕಿತು. ಭಾಗವತರು ಒಂದೂರಲ್ಲಿ, ಕೃಷ್ಣ ಒಂದೂರಲ್ಲಿ, ಕೌರವ ಇನ್ನೆಲ್ಲೋ. ನೆಟ್‌ವರ್ಕ್ ಸಾಲದ ಊರಿನ ಕೌರವ ಬಾಯಿ ತೆರೆದು ಹಾಗೇ ಚಿತ್ರವಾಗಿ ನಿಂತುಬಿಟ್ಟರೆ ಸಂಧಾನ ಅಲ್ಲಿಗೇ ಮುರಿಯಿತು, ಕೃಷ್ಣನದೇನೂ ತಪ್ಪಿಲ್ಲ. ಪಾಂಡವರಿಗೆ ಐದು ಗ್ರಾಮವನ್ನಾದರೂ ಕೊಡೆಂದು ಗದ್ಗದಿತನಾಗಿ ಕೇಳಿದವನಿಗೆ “ಸ್ವಾಮೀ, ಮ್ಯೂಟ್ ತೆಗೀರಿ” ಎಂಬ ಉತ್ತರ ಬಂದರೆ ಅದನ್ನು ಯಾವ ಪರ್ವಕ್ಕೆ ಸೇರಿಸುವುದೆಂದು ಇನ್ನೂ ತೀರ್ಮಾನವಾಗಿಲ್ಲ. ಅದೇ ವರ್ಷ ನಗರದ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿರೆಂದಾಗ ಊರು ಬಿಟ್ಟು ಹೋಗಿದ್ದ ಮಕ್ಕಳು ಲ್ಯಾಪ್‌ಟಾಪ್ ಸಮೇತ ತೋಟಕ್ಕೆ ಬಂದರು. ಹಗಲು ಕಂಪನಿಯ ಪಾತ್ರ, ರಾತ್ರಿ ಹಳೆಯ ಪಾತ್ರ. ತಂದೆಗೆ ಎರಡೂ ಒಂದೇ ಆಗಿ ಕಂಡವು. ಎರಡರಲ್ಲೂ ಮಗ ಬಾಗಿಲು ಹಾಕಿಕೊಂಡು ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಿದ್ದ.

ಮರಳಿ ಬರುವ ವಿಧಾನ ಹೀಗಿದೆ. ಮೊದಲನೆಯದು ಪಾಸ್‌ವರ್ಡ್. ಅದು ನೆನಪಿರುವುದಿಲ್ಲ. ಹೊಸದನ್ನು ಕೇಳಿದರೆ ಹಳೆಯ ಇಮೇಲಿಗೆ ಹೋಗುತ್ತದೆ. ಹದಿನಾರರ ವಯಸ್ಸಿನಲ್ಲಿ ಇಟ್ಟುಕೊಂಡ ಆ ಇಮೇಲಿನ ಹೆಸರನ್ನು ಮದುವೆಯಾದ ಮೇಲೆ ಯಾರೆದುರೂ ಉಚ್ಚರಿಸುವಂತಿಲ್ಲ. ಒಟಿಪಿ ಹಳೆಯ ಸಿಮ್ಮಿಗೆ ಹೋಗಿ, ಆ ನಂಬರು ಈಗ ಯಾರ ಕೈಯಲ್ಲಿದೆಯೋ ಅವರು ಕರೆ ಮಾಡಿ ಬೈಯುವ ಸಾಧ್ಯತೆಯೂ ಉಂಟು. ಇದನ್ನೆಲ್ಲ ದಾಟಿ ಒಳಗೆ ಹೋದವರು ಮೊದಲು ತಮ್ಮದೇ ಹಳೆಯ ಬರಹ ಓದುತ್ತಾರೆ. ಅದರಲ್ಲಿ ಪ್ರತಿ ಮೂರನೆಯ ವಾಕ್ಯಕ್ಕೆ ಯಾರಾದರೊಬ್ಬರು ಹುಬ್ಬು ಏರಿಸಿರುತ್ತಾರೆ, ಪ್ರತಿಯೊಬ್ಬರ ಕಣ್ಣಿಗೂ ಅಸಾಮಾನ್ಯ ಬಣ್ಣವಿರುತ್ತದೆ. ಓದಿ ಮುಗಿಸಿ ನಾಚಿಕೊಳ್ಳಲು ಅರ್ಧ ಗಂಟೆ ಬೇಕು. ಆ ಮೇಲೆ “ಕ್ಷಮಿಸಿ, ಸ್ವಲ್ಪ ತಡವಾಯಿತು” ಎಂದು ಬರೆಯುವುದು ವಾಡಿಕೆ. ಎಂಟು ವರ್ಷಕ್ಕೂ ಇದೇ ವಾಕ್ಯ, ಎಂಟು ದಿನಕ್ಕೂ ಇದೇ ವಾಕ್ಯ.

ವಯಸ್ಸಿನ ಸಮಸ್ಯೆಯೊಂದಿದೆ. ಪಾತ್ರಕ್ಕೆ ಈಗಲೂ ಹದಿನೇಳು. ಪಾತ್ರಧಾರಿಗೆ ನೆತ್ತಿ ಕಾಣತೊಡಗಿದೆ, ಸಕ್ಕರೆ ಬಿಟ್ಟ ಕಾಫಿ ಅಭ್ಯಾಸವಾಗುತ್ತಿದೆ. ಹದಿನೇಳರ ವೀರನನ್ನು ಕೋಟೆಯ ಗೋಡೆ ಹಾರಿಸುವಾಗ ನಲವತ್ತರ ಮಂಡಿ ಚುರ್ರೆನ್ನುತ್ತದೆ. ಮರಳಿ ಬಂದವರ ಕಥೆಯಲ್ಲಿ ವೀರರು ಹಾರುವುದು ಕಡಿಮೆಯಾಗಿ, ಮೆಟ್ಟಿಲು ಹುಡುಕುವುದು ಹೆಚ್ಚಾಗುವುದು ಇದೇ ಕಾರಣಕ್ಕೆ. ದರೋಡೆಕೋರರ ಸರದಾರ ಹೆಂಚು ಜಾರಿದ್ದನ್ನು ಗಮನಿಸುತ್ತಾನೆ. ಮಾಟಗಾತಿ ಸಾಲದ ಬಡ್ಡಿಯ ಬಗ್ಗೆ ಚೆನ್ನಾಗಿ ಮಾತಾಡುತ್ತಾಳೆ. ಗೃಹಿಣಿಯರಲ್ಲೂ ಮರಳಿದವರು ಕಡಿಮೆಯಿಲ್ಲ. ಕಡಬು ಬೇಯುವ ಹೊತ್ತಿನಲ್ಲಿ ಕಡಲ್ಗಳ್ಳಿಯಾಗಿ ಎರಡು ಹಡಗು ಮುಳುಗಿಸಿ, ಹಬೆ ಬಂದ ಕೂಡಲೇ ಎದ್ದು ಹೋಗುವ ಇವರ ಬರವಣಿಗೆಯಲ್ಲಿ ಒಂದು ಮಾತೂ ವ್ಯರ್ಥವಿರುವುದಿಲ್ಲ. ಬಿಡುವು ಧಾರಾಳವಿರುವ ಗಂಡಸರ ರಾಜಕುಮಾರರು ಮಾತ್ರ ಕುದುರೆ ಹತ್ತಲು ನಾಲ್ಕು ಪ್ಯಾರಾ ತೆಗೆದುಕೊಳ್ಳುತ್ತಾರೆ.

ಈ ಗುಡ್ಡದವರಿಗೆ ಕಲ್ಪನೆಯ ಖರ್ಚು ಕಡಿಮೆ. ಸಕಲೇಶಪುರದಿಂದ ಮಂಗಳೂರಿನ ದಾರಿಯಲ್ಲಿ ಕೆಲವೇ ಕಿಲೋಮೀಟರ್ ಹೋದರೆ ದೋಣಿಗಲ್ಲಿನ ಬಳಿ ಮಂಜರಾಬಾದ್ ಕೋಟೆಯಿದೆ. 1792ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮಳೆಗಾಲದಲ್ಲಿ ಮೆಟ್ಟಿಲು ಹತ್ತಿ ಹೋದವರಿಗೆ ಎಂಟರಲ್ಲಿ ಎರಡು ಮೂಲೆ ಕಂಡರೆ ಪುಣ್ಯ, ಉಳಿದದ್ದು ಮಂಜಿನೊಳಗೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ರೈಲುದಾರಿಯಲ್ಲಿ 57 ಸುರಂಗಗಳಿವೆ. ಬಿಸಿಲೆಯ ಕಾಡಿನಲ್ಲಿ ನಿಂತರೆ ಎದುರಿಗೆ ಪುಷ್ಪಗಿರಿಯ ಸಾಲು, ಕೆಳಗೆ ಎಲ್ಲಿ ಮುಗಿಯುತ್ತದೆಂದು ಹೇಳಲಾಗದ ಕಣಿವೆ. ಪಾತ್ರಧಾರಿ ಇವನ್ನೇ ಇದ್ದಹಾಗೆ ಬರೆದು ಕಳಿಸುತ್ತಾನೆ. ಅತ್ತ ಬ್ರೆಜಿಲಿನವರೂ ಫಿಲಿಪೀನ್ಸಿನವರೂ ನಕ್ಷತ್ರಾಕಾರದ ಕೋಟೆಯಂತೆ, ಮೋಡ ನುಗ್ಗುವ ಸುರಂಗವಂತೆ, ಎಂಥ ಕಲ್ಪನಾಶಕ್ತಿ ಎಂದು ಬೆರಗಾಗುತ್ತಾರೆ. ಅವನು ವಿನಯದಿಂದ ಹೊಗಳಿಕೆ ಸ್ವೀಕರಿಸುತ್ತಾನೆ. ಅದೇ ಅವನು ಕಷ್ಟಪಟ್ಟು ಕಲ್ಪಿಸಿದ ಒಂದೇ ಒಂದು ಸಂಗತಿ, ರಾಜಧಾನಿಯ ನೇರವಾದ, ಗುಂಡಿಯಿಲ್ಲದ ಹೆದ್ದಾರಿ, ಯಾರ ಗಮನಕ್ಕೂ ಬರುವುದಿಲ್ಲ. ಅದಕ್ಕೆ ಅವನು ಪಟ್ಟ ಶ್ರಮ ಹೊರಗಿನವರಿಗೆ ತಿಳಿಯುವುದಾದರೂ ಹೇಗೆ?

ನಿಜ ಹೇಳಿದರೆ ಮಾತ್ರ ಯಾರೂ ನಂಬುವುದಿಲ್ಲ. ಎರಡು ದಿನ ಉತ್ತರ ಬರೆಯದಿದ್ದರೆ ಕಾರಣ ಕೊಡುವುದು ಮರ್ಯಾದೆ. ಮೊದಲ ಸಲ, ಮರ ಬಿದ್ದು ತಂತಿ ಹರಿದು ಕರೆಂಟಿರಲಿಲ್ಲ ಎಂದು ಬರೆಯುತ್ತಾನೆ, ಒಪ್ಪುತ್ತಾರೆ. ಎರಡನೆಯ ಸಲ, ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು ಎಂದರೆ ಅನುಮಾನಪಡುತ್ತಾರೆ. ಮೂರನೆಯ ಸಲ, ಸಿಗ್ನಲ್ ಸಿಗುವ ಜಾಗದಲ್ಲಿ ಆನೆ ನಿಂತಿತ್ತು ಎಂದು ಬರೆದರೆ, ಕಥೆ ಚೆನ್ನಾಗಿದೆ, ಆದರೆ ಅದನ್ನು ಕಥೆಯ ಕೋಣೆಯಲ್ಲಿ ಹಾಕು, ಹರಟೆಯ ಕೋಣೆಯಲ್ಲಿ ಬೇಡ ಎನ್ನುತ್ತಾರೆ. ಕೊನೆಗೆ ಎಲ್ಲರೂ ನಂಬುವ ‘ಆಫೀಸಿನಲ್ಲಿ ತುಂಬ ಕೆಲಸ’ ಎಂಬ ಸುಳ್ಳಿಗೆ ಶರಣಾಗುವುದೇ ಕ್ಷೇಮ.

ಆನೆಯ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ಕಾಡಾನೆಗಳು ಬಂದುಹೋಗುವ ಅತಿಥಿಗಳಲ್ಲ, ಖಾಯಂ ನಿವಾಸಿಗಳು. ಹಗಲಲ್ಲಿ ಕಾಫಿ ಗಿಡಗಳ ನಡುವೆಯೇ ನಿಂತಿದ್ದು, ರಾತ್ರಿ ಗದ್ದೆಗೆ ಇಳಿಯುತ್ತವೆ. ಕೆಲವಕ್ಕೆ ಅರಣ್ಯ ಇಲಾಖೆ ರೇಡಿಯೊ ಕಾಲರ್ ಹಾಕಿದೆ. ಯಾವ ಗುಂಪು ಯಾವ ತೋಟದಲ್ಲಿದೆ ಎಂಬ ಎಚ್ಚರಿಕೆ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ. ಇದು ತಮಾಷೆಯ ವಿಷಯವಲ್ಲ. ಇಲ್ಲಿ ಜನ ಸತ್ತಿದ್ದಾರೆ, ಆನೆಗಳೂ ಸತ್ತಿವೆ. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರಿನ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ ಪ್ರಾಣಬಿಟ್ಟ. ಹೀಗಾಗಿ ಪಾತ್ರಧಾರಿಯ ಮೊಬೈಲಿನಲ್ಲಿ ಆನೆಯ ಗುಂಪು ಎಲ್ಲಕ್ಕಿಂತ ಮೇಲೆ, ಮಾಂತ್ರಿಕರ ಗುಂಪು ಅದರ ಕೆಳಗೆ. ಬೆರಳು ಸ್ವಲ್ಪ ಜಾರಿದರೂ ಅನಾಹುತ. ‘ಮೂವರು ಹೆಬ್ಬಾಗಿಲ ಬಳಿ ಕತ್ತಲಲ್ಲಿ ಕಾದು ನಿಂತಿದ್ದಾರೆ, ಬೆಳಗಾಗುವವರೆಗೆ ಯಾರೂ ಹೊರಗೆ ಕಾಲಿಡಬೇಡಿ’ ಎಂಬ ಸಾಲು ತಪ್ಪಿ ಆನೆಯ ಗುಂಪಿಗೆ ಹೋದರೆ ಮಾರನೆಯ ದಿನ ಕೂಲಿಯವರ ಲೈನಿನಿಂದ ಒಂದಾಳೂ ಕೆಲಸಕ್ಕೆ ಬರುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟ್ರು ಬಂದು “ಎಷ್ಟು ಮರಿ ಇದ್ವು ಅಣ್ಣಾ?” ಎಂದು ಕೇಳಿದಾಗ ಹೇಳಲು ಉತ್ತರವಿರುವುದಿಲ್ಲ. ತದ್ವಿರುದ್ಧವಾಗಿ ‘ಭೀಮ ಬಾಳ್ಳುಪೇಟೆ ಕಡೆ ತಿರುಗಿದ್ದಾನೆ’ ಎಂಬ ಸಂದೇಶ ಮಾಂತ್ರಿಕರ ಗುಂಪಿಗೆ ಹೋದರೆ ಅಲ್ಲಿ ಅವನನ್ನು ಹೊಸ ಖಳನಾಯಕನೆಂದು ತಿಳಿದು ಸ್ವಾಗತಿಸುತ್ತಾರೆ.

ಭೀಮನೆಂಬುದು ಈ ಭಾಗದವರಿಗೆಲ್ಲ ಗೊತ್ತಿರುವ ಭಾರಿ ಸಲಗದ ಹೆಸರು. ಅದೇ ಹೆಸರಿನ ಇನ್ನೊಬ್ಬ ಟಿವಿಯಲ್ಲಿದ್ದಾನೆ. ಹೈದರಾಬಾದಿನ ರಾಜೀವ್ ಚಿಲಕಾ ಸೃಷ್ಟಿಸಿದ, 2008ರಲ್ಲಿ ಪೋಗೊದಲ್ಲಿ ಶುರುವಾದ ‘ಛೋಟಾ ಭೀಮ್’. ಅವನು ಢೋಲಕಪುರದಲ್ಲಿ ಲಡ್ಡು ತಿಂದು ಬಲ ಪಡೆಯುತ್ತಾನೆ, ಇವನು ಇಲ್ಲಿ ಬಾಳೆ, ಹಲಸು ತಿಂದು. ಮಗು ಒಳಗಿನಿಂದ “ಅಜ್ಜೀ, ಭೀಮ ಬಂದ” ಎಂದು ಕೂಗಿದರೆ, ಎಲ್ಲಿ ಬಂದ ಎಂದು ಮೊದಲು ವಿಚಾರಿಸಿಕೊಂಡೇ ಮುಂದಿನ ಹೆಜ್ಜೆ ಇಡುವುದು ಈ ಸೀಮೆಯ ಅಜ್ಜಿಯರ ಜಾಣತನ.

ಹೀಗೆ ಮಾತು ಕಾರ್ಟೂನಿಗೆ ಬಂತು. ಪಾತ್ರದಾಟಕ್ಕೆ ಮರಳಿದವರು ಕಾರ್ಟೂನಿಗೂ ಮರಳುವುದಕ್ಕೆ ಸಕಾರಣವಿದೆ. ಮೊದಲ ಪಾತ್ರ ಹೊಳೆದದ್ದು ಅಲ್ಲಿಂದಲೇ. ಈಗ ನಲವತ್ತರ ಆಸುಪಾಸಿನಲ್ಲಿರುವವರಿಗೆ ಆ ಕಾರ್ಟೂನ್ 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಬರುತ್ತಿದ್ದ ‘ಜಂಗಲ್ ಬುಕ್’. ಕಥೆ ಬರೆದದ್ದು ಇಂಗ್ಲಿಷಿನ ಕಿಪ್ಲಿಂಗ್, ಕಾಡು ಮಧ್ಯಪ್ರದೇಶದ ಸಿವನಿಯದು, ಚಿತ್ರ ಬಿಡಿಸಿದವರು ಜಪಾನಿನ ನಿಪ್ಪಾನ್ ಅನಿಮೇಷನ್ನವರು, ಮಾತು ಹಿಂದಿ, ಹುಲಿಗೆ ದನಿ ನಾನಾ ಪಾಟೇಕರ್. ಇಷ್ಟೂ ಸೇರಿ ಕಾಫಿತೋಟದ ಮನೆಗೆ ಬರಬೇಕಾದರೆ ಮಾಡಿನ ಮೇಲೆ ಹತ್ತಿದವನೊಬ್ಬ ಆಂಟೆನಾ ತಿರುಗಿಸುತ್ತಿರಬೇಕು. “ಬಂತಾ?” “ಇಲ್ಲ.” “ಈಗ?” “ಬಂತು, ಬಂತು, ಕೈ ಬಿಡ್ಬೇಡ ಅಣ್ಣಾ!” ಕೈ ಬಿಟ್ಟರೆ ಹೋಗುತ್ತಿತ್ತು. ಪ್ರತಿ ಮನೆಯಲ್ಲೂ ಒಬ್ಬ ಅಣ್ಣ ‘ಜಂಗಲ್ ಬುಕ್’ನ ಪೂರ್ತಿ ಸರಣಿಯನ್ನು ಮಾಡಿನ ಮೇಲೆ ನಿಂತು, ಕೇಳಿಸಿಕೊಂಡೇ ಮುಗಿಸಿದ್ದಾನೆ. ಇಂದು ಅದನ್ನು ಮೊಬೈಲಿನಲ್ಲಿ ಮತ್ತೆ ನೋಡುವವರಲ್ಲಿ ಈ ಅಣ್ಣಂದಿರು ಗಣನೀಯವಾಗಿದ್ದಾರೆ. ಅವರಿಗದು ಮರುವೀಕ್ಷಣೆಯೇ ಅಲ್ಲ.

ಹಿಂದಿ ಬಾರದ ಮಕ್ಕಳು ಅದನ್ನು ಹೇಗೆ ನೋಡಿದರೆಂಬ ಪ್ರಶ್ನೆ ಏಳಬಹುದು. ಕಾಡು ಅರ್ಥವಾಗಲು ಭಾಷೆ ಬೇಕಿರಲಿಲ್ಲ. ಕರಿಚಿರತೆ, ಕರಡಿ, ತೋಳ, ಹೆಬ್ಬಾವು ಯಾವುದೂ ಅಪರಿಚಿತವಲ್ಲ, ಮಾತಾಡುತ್ತಿದ್ದವೆಂಬುದೊಂದೇ ಹೊಸತು. ಮಕ್ಕಳು ಕನ್ನಡದ ಮಾತನ್ನು ತಾವೇ ತುಂಬಿಕೊಂಡರು. ಒಂದೇ ಕಂತಿಗೆ ಅಕ್ಕನ ಕಥೆ ಒಂದು, ತಮ್ಮನ ಕಥೆ ಇನ್ನೊಂದು. ಸೋಮವಾರ ಶಾಲೆಯಲ್ಲಿ ಈ ಕಥೆಗಳು ಒಂದಕ್ಕೊಂದು ಎದುರಾಗಿ ವಾದ ನಡೆಯುತ್ತಿತ್ತು. ಪಾತ್ರ ಹಿಡಿದು ಮಾತಾಡುವ ಅಭ್ಯಾಸ ಅಂದೇ ಶುರುವಾಯಿತೆನ್ನಬೇಕು.

1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು. ಕೇಬಲ್ಲು ಪೇಟೆಗೆ ಮೊದಲು, ತೋಟಗಳಿಗೆ ಬಹಳ ತಡವಾಗಿ. 2009ರಲ್ಲಿ ಸನ್ ಸಂಸ್ಥೆಯ ‘ಚಿಂಟು ಟಿವಿ’ ಕಾರ್ಟೂನುಗಳಿಂದ ಕನ್ನಡ ಮಾತಾಡಿಸಿತು. ಆಗಿನ ಪರಿಸ್ಥಿತಿ ವಿಚಿತ್ರವಾಗಿತ್ತು. ಹೊರಗಿನ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂದು ಚಿತ್ರೋದ್ಯಮ ದಶಕಗಳಿಂದ ಪಟ್ಟು ಹಿಡಿದಿತ್ತು. ದೊಡ್ಡವರು ಇಂಗ್ಲಿಷ್ ಸಿನಿಮಾವನ್ನು ಕನ್ನಡದಲ್ಲಿ ನೋಡುವಂತಿರಲಿಲ್ಲ, ಚಿಕ್ಕವರು ಇಂಗ್ಲಿಷ್ ಕಾರ್ಟೂನನ್ನು ನೋಡಬಹುದಾಗಿತ್ತು. ಆದ್ದರಿಂದ ಕನ್ನಡದಲ್ಲೇ ಸಾಹಸ ನೋಡಬೇಕೆನಿಸಿದ ಹಿರಿಯರು ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಟಿವಿ ಹಾಕುತ್ತಿದ್ದರು. ಮಗು ನಿದ್ದೆ ಹೋದ ಮೇಲೂ ಚಾನೆಲ್ ಬದಲಾಗುತ್ತಿರಲಿಲ್ಲ. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಆದೇಶ ಮಾಡಿತು. ಅಜ್ಜಂದಿರಿಗೆ ಮೊಮ್ಮಗುವಿನ ನೆಪ ಬೇಕಿಲ್ಲವಾಯಿತು. ಆ ಹೊತ್ತಿಗೆ ಮೊಮ್ಮಗು ಇಂಗ್ಲಿಷಿನಲ್ಲೇ ನೋಡುತ್ತಿತ್ತು.

ಇಷ್ಟೆಲ್ಲ ಇದ್ದರೂ ಮಳೆಗಾಲದ ಮಲೆನಾಡಿಗೆ ಎಲ್ಲಕ್ಕಿಂತ ಹೊಂದುವ ಕಾರ್ಟೂನ್ ‘ಟಾಮ್ ಅಂಡ್ ಜೆರ್ರಿ’. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ 1940ರಲ್ಲಿ ಶುರುಮಾಡಿದ ಈ ಬೆಕ್ಕು–ಇಲಿಯ ಜಗಳಕ್ಕೆ ಏಳು ಆಸ್ಕರ್ ಬಂದಿವೆ. ಆದರೆ ಈ ಸೀಮೆಯಲ್ಲಿ ಅದರ ಯೋಗ್ಯತೆಗೆ ಆಸ್ಕರ್ ಕಾರಣವಲ್ಲ. ಜುಲೈ ತಿಂಗಳಲ್ಲಿ ಹೆಂಚಿನ ಮಾಡಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ತಗಡಿನ ಮಾಡಿನ ಮೇಲೆ, ಮಳೆ ಹೊಡೆಯುವಾಗ ಟಿವಿಯ ಮಾತು ಕೇಳಿಸುವುದೇ ಇಲ್ಲ. ಧಾರಾವಾಹಿಯ ಅತ್ತೆ ಬಾಯಿ ಆಡಿಸುತ್ತಾಳೆ, ಸೊಸೆ ಅಳುತ್ತಾಳೆ, ಏನೆಂದು ತಿಳಿಯದೆ ಮನೆಯ ಅತ್ತೆ ಸೊಸೆಯರು ತಂತಮ್ಮ ಅನುಭವದಿಂದ ಊಹಿಸಿಕೊಂಡು ಅಪಾಯಕ್ಕೆ ಸಿಲುಕುತ್ತಾರೆ. ಟಾಮನಿಗೂ ಜೆರ್ರಿಗೂ ಮಾತಿನ ಹಂಗಿಲ್ಲ. ಮಳೆಯ ಸದ್ದು ಹಿನ್ನೆಲೆ ಸಂಗೀತಕ್ಕೆ ಒಗ್ಗುತ್ತದೆ. ಡಿಶ್ಶಿನ ಸಿಗ್ನಲ್ ನಡುವೆ ಹೋಗಿ ಬಂದರೂ ಕಥೆ ತಪ್ಪುವುದಿಲ್ಲ. ಹೋಗುವಾಗ ಬೆಕ್ಕು ಓಡುತ್ತಿತ್ತು, ಬಂದಾಗಲೂ ಓಡುತ್ತಿರುತ್ತದೆ. ಅಟ್ಟದ ಮೇಲೆ ಭತ್ತದ ಚೀಲವಿರುವ ಮನೆಯವರು ಸಹಜವಾಗಿ ಬೆಕ್ಕಿನ ಪಕ್ಷ. ಇಲಿ ಗೆದ್ದಾಗ ಕೈತಟ್ಟುವ ಮಕ್ಕಳನ್ನು ಅಜ್ಜಿ ಗದರಿಸುವುದರಲ್ಲಿ ನ್ಯಾಯವಿದೆ.

ಮನೆಯವರ ಅಭಿಪ್ರಾಯವನ್ನೂ ದಾಖಲಿಸಬೇಕು. ಕಾರ್ಟೂನಿಗೆ ಅಷ್ಟಾಗಿ ಆಕ್ಷೇಪವಿಲ್ಲ. ಮಗುವಿನ ಜೊತೆ ಕೂತಿದ್ದಾನೆಂಬ ನೆಪವೊಂದಿರುತ್ತದೆ, ಮಗು ಹೋಂವರ್ಕ್ ಮಾಡುತ್ತ ಬೇರೆ ಕೋಣೆಯಲ್ಲಿದ್ದರೂ ಅದು ನಡೆಯುತ್ತದೆ. ಪಾತ್ರದಾಟ ಕಷ್ಟ. ರಾತ್ರಿ ಹನ್ನೊಂದಕ್ಕೆ ಮೊಬೈಲ್ ಬೆಳಕಿನಲ್ಲಿ ನಗುವ ಗಂಡನನ್ನು ಹೆಂಡತಿ ಯಾರ ಜೊತೆಯೆಂದು ಕೇಳಿದರೆ, ಅರಬ್ಬೀ ಸಮುದ್ರದಾಚೆಯ ಒಬ್ಬ ಕುಬ್ಜನ ಜೊತೆ ಎಂಬ ಸತ್ಯವಾದ ಉತ್ತರ ಸಂಸಾರಕ್ಕೆ ಹಿತವಲ್ಲ. ದೊಡ್ಡಪ್ಪನಂಥವರು ಇನ್ನೂ ನೇರ. “ಇರೋ ತೋಟದಲ್ಲಿ ಕಳೆ ನಿಂತಿದೆ, ಇಲ್ಲದ ರಾಜ್ಯಕ್ಕೆ ಯಾಕ್ಲಾ ಬಡ್ಕೋತೀಯ?” ಹೀಗೆ ಕೇಳಿದ ದೊಡ್ಡಪ್ಪನೇ ಶ್ರಾವಣದ ಒಂದು ರಾತ್ರಿ ತಾಳಮದ್ದಳೆಗೆ ಹೋಗಿ, ಬೆಳಗಿನ ಜಾವ ಬಂದು, ಕರ್ಣನಿಗೆ ಆದ ಅನ್ಯಾಯದ ಬಗ್ಗೆ ತಿಂಡಿಯ ಹೊತ್ತಿನವರೆಗೆ ಮಾತಾಡುತ್ತಾರೆ. ಕರ್ಣನ ರಾಜ್ಯದ ಕಳೆ ತೆಗೆದವರು ಯಾರೆಂದು ಅವರನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ.

ಸೆಪ್ಟೆಂಬರ್ ಕಳೆದು ಬಿಸಿಲು ಇಣುಕಿದಾಗ ಆಟ ಸಡಿಲವಾಗುತ್ತದೆ. ಚಿಗುರು ತೆಗೆಸಬೇಕು, ಕಳೆ ಹೊಡೆಸಬೇಕು, ಕುಯ್ಲಿಗೆ ಆಳು ಹೊಂದಿಸಬೇಕು. ನಾಲ್ಕು ಪ್ಯಾರಾದ ಉತ್ತರ ಒಂದು ಪ್ಯಾರಾ ಆಗುತ್ತದೆ, ಆಮೇಲೆ ಒಂದು ವಾಕ್ಯ. ನವೆಂಬರಿನಲ್ಲಿ ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೊದಲ ಸಲ ತಿರುಗುವ ದಿನ ರಾಜಕುಮಾರ ಬರೀ ಹೆಬ್ಬೆರಳು ತೋರಿಸಿ ಯುದ್ಧದಿಂದ ಹಿಂದೆ ಸರಿಯುತ್ತಾನೆ. ಕೆಲವರು ಶಿಸ್ತಿನಿಂದ ರಜೆಯ ಸೂಚನೆ ಹಾಕಿ ಹೋಗುತ್ತಾರೆ. ಹೆಚ್ಚಿನವರು ಹಾಗೇ ಮಾಯವಾಗುತ್ತಾರೆ. ಮಾಂತ್ರಿಕ ಎಲ್ಲಿ ಹೋದನೆಂದು ಫಿಲಿಪೀನ್ಸಿನ ಮಾಡರೇಟರ್ ಎರಡು ಸಲ ವಿಚಾರಿಸಿ, ಉತ್ತರ ಬಾರದೆ, ಅವನ ಹೆಸರಿನ ಮುಂದೆ ‘ನಿಷ್ಕ್ರಿಯ’ ಎಂದು ಬರೆಯುತ್ತಾನೆ. ಆ ಹೊತ್ತಿಗೆ ಮಾಂತ್ರಿಕ ಕಣದ ಬದಿಯಲ್ಲಿ ತೂಕದ ಚೀಟಿ ಹಿಡಿದು, ಆಳಿಗೆ ಕೆಜಿಗೆ ಎಷ್ಟೆಂದು ಮೇಸ್ತ್ರಿಯೊಡನೆ ಚೌಕಾಶಿ ಮಾಡುತ್ತಿರುತ್ತಾನೆ.